ಸ್ವಿಚ್ ಆಫ್ ಇದ್ದಾಗಲೇ ಝುಮ್ ಎನ್ನುತ್ತಿದ್ದ ಸಾಕೆಟ್: ಒಂದು ಪ್ರಕರಣ ಅಧ್ಯಯನ

ಓದುವ ಕೋಣೆಯ ಮೇಜಿನ ಹಿಂದೆ ಒಂದು ಮೂರು ಪಿನ್ ಸಾಕೆಟ್. ಅದರ ಸ್ವಿಚ್ ಮಾತ್ರ ಬಾಗಿಲ ಪಕ್ಕದ ಬೋರ್ಡಿನಲ್ಲಿ. ಮೇಜಿನ ಕೆಳಗೆ ತೂರಬೇಕಿಲ್ಲ, ಕೋಣೆಯಿಂದ ಹೊರಗೆ ಹೋಗುವಾಗಲೇ ಕಂಪ್ಯೂಟರ್, ದೀಪ ಎಲ್ಲವನ್ನೂ ಒಟ್ಟಿಗೆ ಆರಿಸಬಹುದು ಎಂದು ಮನೆಯವರು ಕೆಲವು ವರ್ಷಗಳ ಹಿಂದೆ ಮಾಡಿಸಿಕೊಂಡ ಏರ್ಪಾಡು ಇದು. ಒಳ್ಳೆಯ ಏರ್ಪಾಡೇ. ವೈರಿಂಗ್ ಸರಿಯಾಗಿದ್ದರೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ನನ್ನನ್ನು ಕರೆದದ್ದು ಬೇರೆ ಕಾರಣಕ್ಕೆ. ಮನೆಗೆ ಹೊಸ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಕೂರಿಸಿ, ಸಾಕೆಟ್ ಸರ್ಕ್ಯೂಟ್‌ಗಳಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ರಕ್ಷಣೆಯ ಸ್ವಿಚ್, ಹಾಕಿಸಿದ್ದರು. ಅಂದಿನಿಂದ ಈ ಸ್ವಿಚ್ ಆನ್ ಮಾಡಿ ಕಂಪ್ಯೂಟರ್ ಹಾಕಿದರೆ ಸಾಕು, ಆರ್‌ಸಿಸಿಬಿ ಬೀಳುತ್ತಿತ್ತು, ಅಂದರೆ ಕರೆಂಟು ಕಡಿದುಬಿಡುತ್ತಿತ್ತು. ಫೋನ್ ಚಾರ್ಜರ್ ಮಾತ್ರ ಹಾಕಿದರೆ ಕೆಲವೊಮ್ಮೆ ಬೀಳುತ್ತಿತ್ತು, ಕೆಲವೊಮ್ಮೆ ಇಲ್ಲ. ಬೇರೆ ಯಾವ ಸಾಕೆಟ್‌ನಲ್ಲೂ ಈ ತೊಂದರೆ ಇರಲಿಲ್ಲ.

"ಅಣ್ಣ, ಈ ಹೊಸ ಸಾಮಾನೇ ಕೆಟ್ಟದು ಅನ್ಸುತ್ತೆ. ಇದನ್ನ ತೆಗೆದು ನೇರ ಕೊಟ್ಬಿಡಿ" ಎಂದರು ಮನೆಯ ಯಜಮಾನಿ. ಹಾಗೇ ಮಾತಿನ ನಡುವೆ ಇನ್ನೊಂದು ವಿಷಯ ಬಂತು. ಕಂಪ್ಯೂಟರ್‌ನ ಕಬ್ಬಿಣದ ಡಬ್ಬಿ ಮುಟ್ಟಿದರೆ ಮೊದಲಿಂದಲೂ ಝುಮ್ ಅನ್ನುತ್ತಿತ್ತಂತೆ. ಅದೂ ಸ್ವಿಚ್ ಆಫ್ ಇದ್ದಾಗ. ಆನ್ ಇದ್ದಾಗ ಏನೂ ಇಲ್ಲ. ಒಣ ಹವೆಗೆ ಹಾಗಾಗುತ್ತೆ ಎಂದು ಯಾರೋ ಹೇಳಿದ್ದರಿಂದ ಸುಮ್ಮನಾಗಿದ್ದರು.

ಈ ಎರಡನೆಯ ಮಾತೇ ನನಗೆ ಮುಖ್ಯ ಅನಿಸಿತು. ಆನ್ ಇದ್ದಾಗ ಶಾಕ್ ಹೊಡೆಯುವ ವಸ್ತುಗಳನ್ನು ಎಲ್ಲರೂ ನೋಡಿರುತ್ತಾರೆ. ಆಫ್ ಮಾಡಿದ ಮೇಲೆ ಶುರುವಾಗುತ್ತದೆ ಅಂದರೆ ಸ್ವಿಚ್ ಕೂತಿರುವ ಜಾಗವೇ ತಪ್ಪು ಎಂಬ ಅನುಮಾನ ಬರಬೇಕು.

ಆರ್‌ಸಿಸಿಬಿ ನಿಜಕ್ಕೂ ಕೆಟ್ಟಿತ್ತಾ?

ಮೊದಲು ಅದನ್ನೇ ನೋಡಿದೆ. ಮೇಜಿನ ಸಾಕೆಟ್‌ನಿಂದ ಎಲ್ಲ ಪ್ಲಗ್ ಕಿತ್ತು, ಮನೆಯ ಉಳಿದ ಸಾಕೆಟ್‌ಗಳಲ್ಲಿ ಇದ್ದದ್ದೆಲ್ಲ ಚಾಲೂ ಮಾಡಿದೆ. ಆರ್‌ಸಿಸಿಬಿ ಗಟ್ಟಿಯಾಗಿ ನಿಂತಿತು. ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಬಿತ್ತು. ಅಂದರೆ ಒಳಗಿನ ಯಂತ್ರ ಚೆನ್ನಾಗಿಯೇ ಇದೆ.

ಆಮೇಲೆ ಮೇಜಿನ ಸಾಕೆಟ್‌ಗೆ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಬಿತ್ತು. ಇಷ್ಟು ಚಿಕ್ಕ ಬಲ್ಬಿಗೂ ಬೀಳುತ್ತದೆ ಎನ್ನುವುದು ದೊಡ್ಡ ಸುಳಿವು. ಆರ್‌ಸಿಸಿಬಿ ಲೋಡ್ ಜಾಸ್ತಿಯಾಯಿತು ಅಂತ ಬೀಳುವುದಿಲ್ಲ, ಅದು ಎಂಸಿಬಿ ಎಂಬ ಇನ್ನೊಂದು ಸ್ವಿಚ್ಚಿನ ಕೆಲಸ. ಫೇಸ್‌ನಲ್ಲಿ ಹೋದ ಕರೆಂಟು ತನ್ನದೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಆರ್‌ಸಿಸಿಬಿ ತಾಳೆ ನೋಡುತ್ತದೆ. ಎರಡೂ ವೈರು ಅದರೊಳಗಿನ ಒಂದೇ ಉಂಗುರದ ಮೂಲಕ ಹಾಯುತ್ತವೆ. ಹೋದದ್ದು, ಬಂದದ್ದು ಸಮ ಇದ್ದರೆ ಒಂದನ್ನೊಂದು ಹೊಡೆದು ಹಾಕುತ್ತವೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವ ಹೊತ್ತಿಗೆ ಅದು ಬೀಳಲೇಬೇಕು. 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು.

ಈಗ ಲೆಕ್ಕ ಹಾಕಿ. 230 ವೋಲ್ಟ್‌ನಲ್ಲಿ 9 ವ್ಯಾಟ್ ಅಂದರೆ ಸುಮಾರು 39 ಮಿಲಿ ಆಂಪಿಯರ್. 5 ವ್ಯಾಟ್‌ನ ಚಾರ್ಜರ್ ಆದರೆ 22ರ ಆಸುಪಾಸು. ಬಲ್ಬಿಗೆ ಖಂಡಿತ ಬೀಳುತ್ತದೆ, ಚಾರ್ಜರ್‌ಗೆ ಒಮ್ಮೊಮ್ಮೆ ಬೀಳುತ್ತದೆ. ಮನೆಯವರು ಹೇಳಿದ್ದಕ್ಕೆ ಇದು ಪೂರ್ತಿ ಹೊಂದಿತು. ಎಲ್ಲೋ ಸ್ವಲ್ಪ ಸೋರಿಕೆ ಇದ್ದರೆ ಹೀಗೆ ಆಗುವುದಿಲ್ಲ. ಲೋಡ್‌ನ ಇಡೀ ಕರೆಂಟು ಬೇರೆ ದಾರಿ ಹಿಡಿದು ವಾಪಸಾಗುತ್ತಿದ್ದರೆ ಮಾತ್ರ ಹೀಗಾಗುತ್ತದೆ. ಫೇಸ್ ಬರುತ್ತಿರುವುದು ಆರ್‌ಸಿಸಿಬಿಯ ಕೆಳಗಿನ ಸಾಕೆಟ್ ಸರ್ಕ್ಯೂಟ್‌ನಿಂದ. ನ್ಯೂಟ್ರಲ್ ಹೋಗುತ್ತಿರುವುದು ಆರ್‌ಸಿಸಿಬಿಗೆ ಸೇರದ ಇನ್ನೊಂದು ಸರ್ಕ್ಯೂಟ್‌ಗೆ. ಹಳೆಯ ಡಿಬಿಯಲ್ಲಿ ಆರ್‌ಸಿಸಿಬಿ ಇರಲಿಲ್ಲ, ಹಾಗಾಗಿ ಈ ಅದಲು ಬದಲನ್ನು ಹಿಡಿಯುವವರೂ ಇರಲಿಲ್ಲ.

ಇಂಥ ಸಂದರ್ಭದಲ್ಲಿ ಆರ್‌ಸಿಸಿಬಿ ತೆಗೆದು ನೇರ ಕೊಟ್ಟರೆ ದೂರು ಆ ಕ್ಷಣವೇ ನಿಲ್ಲುತ್ತದೆ. ಮನೆಯವರಿಗೂ ಖುಷಿ. ಆದರೆ ತಪ್ಪು ತೋರಿಸಿಕೊಟ್ಟ ವಸ್ತುವನ್ನೇ ಕಿತ್ತು ಹಾಕಿದಂತಾಗುತ್ತದೆ, ತಪ್ಪು ಗೋಡೆಯೊಳಗೇ ಉಳಿಯುತ್ತದೆ. ಯಜಮಾನಿಗೆ ಇಷ್ಟನ್ನೂ ಬಲ್ಬ್ ಹಾಕಿ, ತೆಗೆದು ತೋರಿಸಿದ ಮೇಲೆ, "ಹಾಗಾದ್ರೆ ಮೊದಲು ಏನಾಗಿದೆ ನೋಡಿಬಿಡಿ" ಎಂದರು.

ಎಲ್ಲ ಸರಿ ಎಂದು ಹೇಳುವ ಅಳತೆ

ಸಾಕೆಟ್‌ನ ಫೇಸ್, ನ್ಯೂಟ್ರಲ್ ರಂಧ್ರಗಳ ನಡುವೆ ಮಲ್ಟಿಮೀಟರ್ ಹಿಡಿದೆ. ಸ್ವಿಚ್ ಆನ್: 230ರ ಸುತ್ತ. ಸ್ವಿಚ್ ಆಫ್: ಸೊನ್ನೆಯ ಹತ್ತಿರ. ಸರಿಯಾದ ವೈರಿಂಗ್ ಇರುವ ಸಾಕೆಟ್ ಕೂಡ ಅಚ್ಚುಕಟ್ಟಾಗಿ ಇದನ್ನೇ ತೋರಿಸುತ್ತದೆ. ಆರ್‌ಸಿಸಿಬಿ ಇಲ್ಲದ ಹಳೆಯ ಡಿಬಿಯಲ್ಲಿ ಬಲ್ಬ್ ಹಾಕಿ ನೋಡಿದ್ದರೂ ಅಷ್ಟೇ, ಆನ್ ಮಾಡಿದರೆ ಉರಿಯುತ್ತಿತ್ತು, ಆಫ್ ಮಾಡಿದರೆ ಆರುತ್ತಿತ್ತು. ಈ ಸಾಕೆಟ್ ಹಾಕಿದವರು ಬಹುಶಃ ಇಷ್ಟನ್ನೇ ನೋಡಿ ಹೊರಟಿರಬೇಕು. ಬಲ್ಬ್ ಉರಿಯಿತು, ಆರಿತು, ಕೆಲಸ ಮುಗಿಯಿತು ಎಂಬ ಈ ಪರೀಕ್ಷೆಯ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. ಸ್ವಿಚ್ ಫೇಸನ್ನು ಕತ್ತರಿಸಿದರೂ ಬಲ್ಬ್ ಆರುತ್ತದೆ, ನ್ಯೂಟ್ರಲ್ಲನ್ನು ಕತ್ತರಿಸಿದರೂ ಆರುತ್ತದೆ. ಬಲ್ಬಿಗೆ ಎರಡೂ ಒಂದೇ. ಮುಟ್ಟುವ ಕೈಗೆ ಒಂದೇ ಅಲ್ಲ.

ಹಾಗಾಗಿ ಮುಂದಿನ ಅಳತೆ ಅರ್ಥ್‌ಗೆ, ಅಂದರೆ ಮಣ್ಣಿಗೆ ಸೇರಿಸಿದ ರಕ್ಷಣೆಯ ವೈರಿಗೆ, ಹೋಲಿಸಿ ಮಾಡಬೇಕು. ಸಾಕೆಟ್‌ನ ಅರ್ಥ್ ರಂಧ್ರಕ್ಕೆ ಒಂದು ಕಡ್ಡಿ, ಫೇಸ್‌ಗೆ ಇನ್ನೊಂದು ಕಡ್ಡಿ ಕೊಟ್ಟರೆ ಮೀಟರ್ 80, 70 ಎಂದು ಓಲಾಡುತ್ತಿತ್ತು. ಯಾವುದಕ್ಕೂ ತಾಗದೆ ಗಾಳಿಯಲ್ಲಿರುವ ತುದಿಯ ಲಕ್ಷಣ ಇದು. ಮಲ್ಟಿಮೀಟರ್ ಬಹಳ ಕಡಿಮೆ ಕರೆಂಟು ಎಳೆಯುವುದರಿಂದ ಇಂಥ ಸುಳ್ಳು ವೋಲ್ಟೇಜನ್ನೂ ತೋರಿಸುತ್ತದೆ. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯಲೇ ಇಲ್ಲ. ಅರ್ಥ್ ಪಿನ್ ಇದೆ, ಅದರ ಹಿಂದೆ ವೈರೇ ಇಲ್ಲ!

ಪಕ್ಕದ ಕೋಣೆಯಲ್ಲಿ ಅರ್ಥಿಂಗ್ ಸರಿಯಿದ್ದ ಸಾಕೆಟ್‌ನಿಂದ ಒಂದು ಉದ್ದ ವೈರು ತಂದು, ಅದನ್ನೇ ಆಧಾರವಾಗಿಟ್ಟುಕೊಂಡು ಮತ್ತೆ ಅಳೆದೆ. ಸ್ವಿಚ್ ಆಫ್ ಇದ್ದಾಗ ಫೇಸ್ ರಂಧ್ರದಿಂದ ಅರ್ಥ್‌ಗೆ: ಪೂರ್ತಿ 230 ವೋಲ್ಟ್. ಟೇಬಲ್ ಲ್ಯಾಂಪ್ ಪ್ಲಗ್ ಮಾಡಿ, ಸ್ವಿಚ್ ಆಫ್ ಇಟ್ಟು ನ್ಯೂಟ್ರಲ್ ಕಡೆ ನೋಡಿದರೆ ಅಲ್ಲೂ ವೋಲ್ಟೇಜ್. ಫೇಸ್ ಲ್ಯಾಂಪಿನ ಒಳಗೆ ಹಾದು ಆಚೆ ತುದಿಗೆ ಬಂದು ನಿಂತಿತ್ತು.

ಸ್ವಿಚ್ ಕೂತಿದ್ದದ್ದು ನ್ಯೂಟ್ರಲ್‌ನಲ್ಲಿ. ತೊಟ್ಟಿಗೆ ಬರುವ ನೀರಿಗೆ ನಲ್ಲಿ ಇಡದೆ, ಹೊರಗೆ ಹೋಗುವ ತೂತಿಗೆ ಬಿರಡೆ ಹಾಕಿದ ಹಾಗೆ. ಹರಿವು ನಿಲ್ಲುತ್ತದೆ ನಿಜ, ತೊಟ್ಟಿ ಮಾತ್ರ ತುಂಬಿಯೇ ಇರುತ್ತದೆ. ಸ್ವಿಚ್ ಆರಿಸಿ ಟೇಬಲ್ ಲ್ಯಾಂಪಿನ ಬಲ್ಬ್ ಬದಲಿಸಲು ಹೋದವರ ಬೆರಳು ಹೋಲ್ಡರ್‌ನ ಒಳಗೆ ತಾಗಿದರೆ ಪೂರ್ತಿ ಶಾಕ್.

ಆಫ್ ಮಾಡಿದಾಗಲೇ ಝುಮ್ ಯಾಕೆ?

ಕಂಪ್ಯೂಟರ್‌ನ ಪವರ್ ಸಪ್ಲೈ ಒಳಗೆ, ಕರೆಂಟಿನಲ್ಲಿ ಬೆರೆತ ವಿದ್ಯುತ್ ಗದ್ದಲ ಸೋಸಲು, ಎರಡು ಚಿಕ್ಕ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಕಬ್ಬಿಣದ ಡಬ್ಬಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಡಬ್ಬಿಗೆ. ಡಬ್ಬಿಗೆ ಅರ್ಥಿಂಗ್ ಇದ್ದರೆ ಇವುಗಳಿಂದ ಬರುವ ಸಣ್ಣ ಕರೆಂಟು ಮಣ್ಣಿಗೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬಿ ಎರಡರ ಮಧ್ಯೆ ತೇಲುತ್ತದೆ, ಸುಮಾರು 115 ವೋಲ್ಟ್‌ನಲ್ಲಿ.

ಒಂದೊಂದು ಕೆಪಾಸಿಟರ್ 4.7 ನ್ಯಾನೋಫ್ಯಾರಡ್ ಎಂದು ಇಟ್ಟುಕೊಳ್ಳಿ. 230 ವೋಲ್ಟ್, 50 ಹರ್ಟ್ಸ್ ಸಪ್ಲೈನಲ್ಲಿ ಸ್ವಿಚ್ ಆನ್ ಇರುವಾಗ ಡಬ್ಬಿ ಮುಟ್ಟಿದವರ ಮೈಮೂಲಕ ಹೋಗುವುದು ಸುಮಾರು 0.34 ಮಿಲಿ ಆಂಪಿಯರ್. ಜನರಿಗೆ ಕರೆಂಟಿನ ಅರಿವಾಗುವುದು ಸಾಧಾರಣವಾಗಿ 0.5 ಮಿಲಿ ಆಂಪಿಯರ್ ಸುತ್ತ. ಹಾಗಾಗಿ ಏನೂ ಗೊತ್ತಾಗುವುದಿಲ್ಲ.

ಈಗ ನ್ಯೂಟ್ರಲ್‌ನಲ್ಲಿರುವ ಸ್ವಿಚ್ ಆಫ್ ಮಾಡಿ. ಫೇಸ್ ಹಾಗೇ ಇದೆ. ನ್ಯೂಟ್ರಲ್ ತುದಿ ತೆರೆದುಕೊಂಡಿತು. ಪವರ್ ಸಪ್ಲೈ ಒಳಗಿನ ಭಾಗಗಳ ಮೂಲಕ ಆ ತುದಿಯೂ ಫೇಸ್‌ನ ಮಟ್ಟಕ್ಕೆ ಏರುತ್ತದೆ. ಎರಡೂ ಕೆಪಾಸಿಟರ್ ಈಗ ಫೇಸ್‌ನಿಂದಲೇ ಡಬ್ಬಿಗೆ ತಳ್ಳುತ್ತವೆ. ಡಬ್ಬಿ 115ರಿಂದ 230ರ ಹತ್ತಿರಕ್ಕೆ ಹೋಗುತ್ತದೆ, ಮುಟ್ಟಿದರೆ 0.68 ಮಿಲಿ ಆಂಪಿಯರ್. ಅರಿವಿನ ಗೆರೆ ದಾಟಿತು. ಬೆರಳಿಗೆ ಝುಮ್!

ಈ ಝುಮ್ಮಿನಿಂದಲೇ ಯಾರಿಗೂ ಪ್ರಾಣಾಪಾಯ ಆಗುವುದಿಲ್ಲ. ಕೈ ಬಿಡಿಸಿಕೊಳ್ಳಲಾಗದ ಹಿಡಿತ ಬರುವುದು ಸುಮಾರು 10 ಮಿಲಿ ಆಂಪಿಯರ್ ಹೊತ್ತಿಗೆ. ಆದರೆ ಇದು ಎರಡು ವಿಷಯ ಹೇಳುತ್ತಿದೆ. ಡಬ್ಬಿಗೆ ಅರ್ಥಿಂಗ್ ಇಲ್ಲ. ಆಫ್ ಆದ ಮೇಲೂ ಫೇಸ್ ಒಳಗಿದೆ. ನಾಳೆ ಪವರ್ ಸಪ್ಲೈ ಒಳಗೆ ಒಂದು ವೈರಿನ ಇನ್ಸುಲೇಷನ್ ಸವೆದು ಡಬ್ಬಿಗೆ ತಾಗಿತು ಅಂದುಕೊಳ್ಳಿ. ಅರ್ಥಿಂಗ್ ಇದ್ದಿದ್ದರೆ ಆ ಕ್ಷಣವೇ ಎಂಸಿಬಿ ಅಥವಾ ಆರ್‌ಸಿಸಿಬಿ ಬೀಳುತ್ತಿತ್ತು. ಇಲ್ಲಿ ಡಬ್ಬಿ ಸುಮ್ಮನೆ 230 ವೋಲ್ಟ್ ಹೊತ್ತು ಯಾರಾದರೂ ಮುಟ್ಟುವ ತನಕ ಕೂತಿರುತ್ತದೆ.

ಬೋರ್ಡ್ ಬಿಚ್ಚುವ ಮೊದಲು

ಸಾಮಾನ್ಯವಾಗಿ ಆ ಸಾಕೆಟ್‌ನ ಎಂಸಿಬಿ ಇಳಿಸಿ ಬೋರ್ಡ್ ಬಿಚ್ಚುತ್ತಾರೆ. ಇಲ್ಲಿ ಅದು ಸಾಲದು. ಎರಡು ಸರ್ಕ್ಯೂಟ್ ಒಂದೇ ಪೆಟ್ಟಿಗೆಯಲ್ಲಿ ಸೇರಿವೆ ಎಂದು ಆಗಲೇ ಗೊತ್ತಾಗಿತ್ತು. ಎರವಲು ನ್ಯೂಟ್ರಲ್‌ನ (ಬೇರೆ ಸರ್ಕ್ಯೂಟ್‌ನಿಂದ ತೆಗೆದುಕೊಂಡ ನ್ಯೂಟ್ರಲ್‌ನ) ಅಪಾಯ ಎಂಥದ್ದು ಅಂದರೆ, ಲೈಟಿನ ಎಂಸಿಬಿ ಇಳಿಸಿ, ಲೈಟ್ ಸತ್ತಿದೆ ಎಂದು ನಂಬಿ ಅದರ ನ್ಯೂಟ್ರಲ್ ಜಾಯಿಂಟ್ ಬಿಚ್ಚಿದರೆ, ಅತ್ತ ಕಂಪ್ಯೂಟರ್ ಚಾಲೂ ಇದ್ದರೆ, ಬಿಚ್ಚಿದ ತುದಿಯಲ್ಲಿ ಕಂಪ್ಯೂಟರ್ ಮೂಲಕ ಬಂದ ಫೇಸ್ ಇರುತ್ತದೆ. ಕೈಯಲ್ಲಿ ಹಿಡಿದಿರುವುದು ನ್ಯೂಟ್ರಲ್ ವೈರು, ಎಂಸಿಬಿ ಇಳಿಸಿದೆ, ಆದರೂ ಶಾಕ್. ಅನುಭವ ಇರುವವರೂ ಇದಕ್ಕೆ ಸಿಕ್ಕಿಬೀಳುತ್ತಾರೆ.

ಆದ್ದರಿಂದ ಎರಡೂ ತಂತಿ ಕತ್ತರಿಸುವ ಮೇನ್ ಸ್ವಿಚ್ಚನ್ನೇ ಇಳಿಸಿ, ಬೇರೆ ಯಾರೂ ಹಾಕದಂತೆ ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡೆ. ಇನ್ವರ್ಟರ್ ಇರುವ ಮನೆಯಾದರೆ ಅದನ್ನೂ ಬಿಡಿಸಬೇಕು, ಮೇನ್ ಇಳಿಸಿದ ತಕ್ಷಣ ಅದೇ ಕರೆಂಟು ಕೊಡಲು ಶುರು ಮಾಡುತ್ತದಲ್ವಾ. ಟೆಸ್ಟರ್ ಕೆಲಸ ಮಾಡುತ್ತಿದೆಯಾ ಎಂದು ಮೊದಲು ಕರೆಂಟು ಇರುವ ಕಡೆ ನೋಡಿ, ಆಮೇಲೆ ಬೋರ್ಡಿನ ಪ್ರತಿ ಟರ್ಮಿನಲ್ ನೋಡಿ, ಕೊನೆಗೆ ಮತ್ತೆ ಕರೆಂಟು ಇರುವ ಕಡೆ ಟೆಸ್ಟರ್ ಪರೀಕ್ಷಿಸಿದೆ. ಮಧ್ಯದಲ್ಲಿ ಟೆಸ್ಟರೇ ಕೆಟ್ಟಿದ್ದರೆ ಎಲ್ಲ ಕಡೆಯೂ ಕರೆಂಟಿಲ್ಲ ಎಂದೇ ತೋರಿಸುತ್ತದೆ. ಬೆಳಕಿನಲ್ಲಿ ನಿಯಾನ್ ಟೆಸ್ಟರ್‌ನ ಮಿಣುಕು ಕಾಣದೆ ಹೋಗುವುದೂ ಉಂಟು. ಎರಡು ಕಡ್ಡಿಯ ಟೆಸ್ಟರ್ ಇದಕ್ಕೆ ವಾಸಿ.

ಬೋರ್ಡ್ ಬಿಚ್ಚಿದಾಗ ಕಥೆ ಕಣ್ಣ ಮುಂದೆ ಬಂತು. ಮೇಜಿನ ಕಡೆಗೆ ಹೋದ ಪೈಪಿನಲ್ಲಿ ಎರಡೇ ವೈರು, ಎರಡೂ ಕೆಂಪು, ಎರಡೂ ಲೈಟಿಗೆ ಬಳಸುವ 1.5 ಚದರ ಮಿಲಿಮೀಟರ್‌ನವು. ಹಸಿರು ವೈರು ಎಳೆದೇ ಇಲ್ಲ. ಒಂದು ಕೆಂಪು ವೈರು ಪಕ್ಕದ ಸಾಕೆಟ್‌ನ ಫೇಸ್‌ನಿಂದ ಲೂಪ್ ಆಗಿ ನೇರ ಮೇಜಿಗೆ ಹೋಗಿತ್ತು. ಇನ್ನೊಂದು ಸ್ವಿಚ್ಚಿಗೆ, ಸ್ವಿಚ್ಚಿನ ಆಚೆ ತುದಿ ಲೈಟಿನ ನ್ಯೂಟ್ರಲ್ ಜಾಯಿಂಟಿಗೆ. ಆ ಫೇಸ್ ಟರ್ಮಿನಲ್‌ನಲ್ಲಿ ಮೂರು ವೈರು ತುರುಕಿದ್ದರು. ಒಂದರ ಇನ್ಸುಲೇಷನ್ ಸ್ಕ್ರೂ ಕೆಳಗೇ ಸಿಕ್ಕಿಕೊಂಡಿತ್ತು. ಎಳೆದರೆ ಕೈಗೆ ಬಂತು. ಹೊರಗೆ ಬಂದ ತುದಿಯ ತಾಮ್ರ ಕಪ್ಪಾಗಿತ್ತು, ಪಕ್ಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಎರಡೂ ವೈರು ಒಂದೇ ಬಣ್ಣ ಇದ್ದಾಗ ಯಾವುದು ಯಾವುದು ಎಂದು ಅಂದಾಜಿನ ಮೇಲೆ ಕೊಡುತ್ತಾರೆ. ಕೈಗೆ ಸಿಕ್ಕ ಹತ್ತಿರದ ಜಾಯಿಂಟಿನಿಂದ ನ್ಯೂಟ್ರಲ್ ತೆಗೆಯುತ್ತಾರೆ. ನ್ಯೂಟ್ರಲ್‌ನಲ್ಲಿ ಸ್ವಿಚ್, ಎರವಲು ನ್ಯೂಟ್ರಲ್, ಇಲ್ಲದ ಅರ್ಥ್, ಈ ಮೂರೂ ತಪ್ಪುಗಳ ಬೇರು ಎರಡೇ ವೈರು ಎಳೆದು ಮುಗಿಸಿದ ಈ ಅಂದಾಜಿನ ಕೆಲಸದಲ್ಲೇ ಇದೆ ಎಂದು ನನ್ನ ತೀರ್ಮಾನ.

ಅರ್ಥ್‌ಗೆ ಅಡ್ಡದಾರಿ

ಬೋರ್ಡಿನಲ್ಲೇ ಎರಡು ವೈರು ಅದಲು ಬದಲು ಮಾಡಿ ಮುಚ್ಚಿಬಿಡಬಹುದಿತ್ತು. ಸ್ವಿಚ್ ಫೇಸ್‌ಗೆ ಬರುತ್ತಿತ್ತು. ಆದರೆ ನ್ಯೂಟ್ರಲ್ ಎರವಲೇ ಉಳಿಯುತ್ತಿತ್ತು, ಆರ್‌ಸಿಸಿಬಿ ಬೀಳುತ್ತಲೇ ಇರುತ್ತಿತ್ತು, ಅರ್ಥಿಂಗ್ ಇಲ್ಲವೇ ಇಲ್ಲ.

ಇನ್ನೊಂದು ಸಲಹೆಯೂ ಬಂತು. ಜೊತೆಗಿದ್ದ ಮನೆಯ ಹುಡುಗ ಕೇಳಿದ, "ಸಾಕೆಟ್ ಹಿಂದೇನೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಕೊಟ್ರೆ ಆಗಲ್ವಾ? ಹೇಗೂ ಎರಡೂ ಒಂದೇ ಅಂತಾರಲ್ಲ." ಈ ಅಡ್ಡದಾರಿ ಬಹಳ ಕಡೆ ನಡೆಯುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನ್ಯೂಟ್ರಲ್ ಸರಿಯಾಗಿ ಇರುವ ತನಕ ಏನೂ ಗೊತ್ತಾಗುವುದಿಲ್ಲ. ಸಾಕೆಟ್ ಟೆಸ್ಟರ್ ಕೂಡ ಅರ್ಥಿಂಗ್ ಇದೆ ಎಂದೇ ತೋರಿಸುತ್ತದೆ. ಆದರೆ ದಾರಿಯಲ್ಲಿ ಎಲ್ಲಾದರೂ ನ್ಯೂಟ್ರಲ್ ಸಡಿಲವಾಗಿ ಬಿಟ್ಟಿತೋ, ಫೇಸ್ ಲೋಡ್ ಮೂಲಕ ಹಾದು, ಆ ತುಂಡು ವೈರಿನಿಂದ ನೇರ ಕಬ್ಬಿಣದ ಡಬ್ಬಿಗೆ ಬರುತ್ತದೆ.

ಈ ಮನೆಯ ವೈರಿಂಗ್‌ನಲ್ಲಿ ಅದನ್ನು ಮಾಡಿದ್ದರೆ ನ್ಯೂಟ್ರಲ್ ಕಡಿಯುವ ತನಕ ಕಾಯಬೇಕಿರಲಿಲ್ಲ. ಸ್ವಿಚ್ಚೇ ನ್ಯೂಟ್ರಲ್‌ನಲ್ಲಿದೆ. ಆಫ್ ಮಾಡಿದ ಪ್ರತಿ ಸಲ ನ್ಯೂಟ್ರಲ್ ಕಡಿದಂತೆಯೇ. ಇಲ್ಲಿಯ ತನಕ ಝುಮ್ಮಿಗೆ ಕೆಪಾಸಿಟರ್‌ಗಳ ತಡೆ ಇತ್ತು, 0.68 ಮಿಲಿ ಆಂಪಿಯರ್‌ನಲ್ಲಿ ನಿಲ್ಲುತ್ತಿತ್ತು. ಆ ತುಂಡು ವೈರು ಬಿದ್ದ ಮೇಲೆ ಅಂಥ ತಡೆ ಇರುವುದಿಲ್ಲ. ಎಲ್ಲ ಆರಿಸಿದ್ದೇನೆ ಎಂದು ಡಬ್ಬಿ ಒರೆಸಲು ಹೋದವರ ಕೈಗೆ ಪ್ರಾಣ ತೆಗೆಯುವಷ್ಟು ಕರೆಂಟು ಬರುತ್ತಿತ್ತು. ಹುಡುಗನಿಗೆ ಇದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ನ್ಯೂಟ್ರಲ್, ಅರ್ಥ್ ಎರಡೂ ಸೇರುವುದು ಸಪ್ಲೈ ಆರಂಭದ ಕಡೆ, ನಿಯಮ ಹೇಳಿದ ಜಾಗದಲ್ಲಿ ಮಾತ್ರ. ಸಾಕೆಟ್ ಹಿಂದೆ ಎಂದಿಗೂ ಅಲ್ಲ.

ಹೊಸದಾಗಿ ಎಳೆದದ್ದು

ಹಳೆಯ ಎರಡು ವೈರನ್ನೂ ತೆಗೆದೆವು. ತೆಗೆಯುವಾಗ ಅದೇ ವೈರಿನ ತುದಿಗೆ ಹೊಸ ವೈರುಗಳನ್ನು ಕಟ್ಟಿ ಎಳೆದುಕೊಂಡರೆ ಗೋಡೆ ಒಡೆಯುವ ಕೆಲಸ ತಪ್ಪುತ್ತದೆ. ಪೈಪಿನಲ್ಲಿ ಜಾಗ ಸಾಕಷ್ಟಿತ್ತು.

ಎಷ್ಟು ವೈರು ಎಂದು ತೀರ್ಮಾನಿಸುವ ಮೊದಲು ಮನೆಯವರನ್ನು ಒಂದು ಮಾತು ಕೇಳಿದೆ: ಸ್ವಿಚ್ಚಿನಿಂದ ಆರಬೇಕಾದದ್ದು ಯಾವುದು? ದೀಪ, ಪ್ರಿಂಟರ್, ಸ್ಪೀಕರ್ ಆರಬೇಕು. ಕಂಪ್ಯೂಟರ್, ರೌಟರ್ ಆರಬಾರದು. ಕಂಪ್ಯೂಟರ್ ಚಾಲೂ ಇರುವಾಗಲೇ ಯಾರೋ ಬಾಗಿಲ ಬಳಿಯ ಸ್ವಿಚ್ ಒತ್ತಿ ಕೆಲಸ ಹಾಳಾದದ್ದೂ ಇತ್ತು. ಆದ್ದರಿಂದ ಮೇಜಿನ ಹಿಂದೆ ಎರಡು ಸಾಕೆಟ್ ಇಟ್ಟೆವು, ಒಂದು ಸದಾ ಚಾಲೂ, ಇನ್ನೊಂದು ಸ್ವಿಚ್ಚಿಗೆ ಒಳಪಟ್ಟದ್ದು. ಕೆಲವು ದೇಶಗಳಲ್ಲಿ ಒಂದೇ ಜೋಡಿ ಸಾಕೆಟ್‌ನ ಅರ್ಧವನ್ನು ಹೀಗೆ ಸ್ವಿಚ್ಚಿಗೆ ಕೊಡುವ ರೂಢಿಯೂ ಇದೆ. ಲೆಕ್ಕ ಒಂದೇ.

ಇದಕ್ಕೆ ನಾಲ್ಕು ವೈರು ಬೇಕು. ಸದಾ ಇರುವ ಫೇಸ್‌ಗೆ ಕೆಂಪು, ಸ್ವಿಚ್ಚಿನಿಂದ ಬರುವ ಫೇಸ್‌ಗೆ ಹಳದಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು. ಎಲ್ಲವೂ 2.5 ಚದರ ಮಿಲಿಮೀಟರ್ ತಾಮ್ರ. ಬಣ್ಣದ ಪದ್ಧತಿ ಎಲ್ಲ ಕಡೆ ಒಂದೇ ಇಲ್ಲ. ಫೇಸ್‌ಗೆ ಕಂದು, ನ್ಯೂಟ್ರಲ್‌ಗೆ ನೀಲಿ, ಅರ್ಥ್‌ಗೆ ಹಸಿರು ಹಳದಿ ಪಟ್ಟೆ ಬಳಸುವ ಕಡೆಗಳಿವೆ, ನ್ಯೂಟ್ರಲ್‌ಗೆ ಬಿಳಿ ಬಳಸುವ ಕಡೆಗಳೂ ಇವೆ. ನಿಮ್ಮಲ್ಲಿ ಯಾವುದು ನಿಯಮವೋ ಅದನ್ನೇ ಪಾಲಿಸಿ. ವೈರು ಸಾಲದೆ ಬಂತು ಎಂದು ಹಸಿರನ್ನು ಫೇಸ್‌ಗೆ ಬಳಸುವುದು ಮಾತ್ರ ಎಲ್ಲಿಯೂ ಬೇಡ.

ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಒಂದೇ ಸಾಕೆಟ್ ಸರ್ಕ್ಯೂಟ್‌ನಿಂದ ತೆಗೆದೆ. ಫೇಸ್ ಬೋರ್ಡಿಗೆ ಬಂದು ಎರಡಾಗುತ್ತದೆ. ಒಂದು ನೇರ ಮೊದಲ ಸಾಕೆಟ್‌ಗೆ. ಇನ್ನೊಂದು ಸ್ವಿಚ್ಚಿನ ಒಂದು ತುದಿಗೆ ಹೋಗಿ, ಇನ್ನೊಂದು ತುದಿಯಿಂದ ಹೊರಟು ಎರಡನೆಯ ಸಾಕೆಟ್‌ಗೆ. ನ್ಯೂಟ್ರಲ್, ಅರ್ಥ್ ಯಾವ ಸ್ವಿಚ್ಚಿನ ಹತ್ತಿರವೂ ಸುಳಿಯದೆ ಎರಡೂ ಸಾಕೆಟ್‌ಗೆ ನೇರ ಹೋಗುತ್ತವೆ. ಎರಡೂ ಸಾಕೆಟ್ ಒಂದೇ ಸರ್ಕ್ಯೂಟ್‌ನವು, ಆದ್ದರಿಂದ ಒಂದೇ ನ್ಯೂಟ್ರಲ್ ಹಂಚಿಕೊಂಡರೆ ತಪ್ಪಿಲ್ಲ. ಸಾಕೆಟ್ ಹಿಂದೆ ಟರ್ಮಿನಲ್‌ಗಳ ಪಕ್ಕ ಗುರುತು ಇರುತ್ತದೆ, ಅದನ್ನು ನೋಡಿಯೇ ಕೊಡಬೇಕು. ದೊಡ್ಡ ಪಿನ್ ಮೇಲಿರುವ ಈ ಬಗೆಯ ಸಾಕೆಟ್‌ಗೆ ಎದುರು ನಿಂತು ನೋಡಿದರೆ ಮೇಲೆ ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್.

ಆಂಪಿಯರ್ ವಿಷಯ. ಹಳೆಯ ಸ್ವಿಚ್ 6 ಆಂಪಿಯರ್‌ನದು, ಅಂದರೆ 230 ವೋಲ್ಟ್‌ನಲ್ಲಿ 1380 ವ್ಯಾಟ್ ತನಕ. ಆದರೆ ಆ ಸರ್ಕ್ಯೂಟ್‌ನ ಎಂಸಿಬಿ 16 ಆಂಪಿಯರ್‌ನದು. ಯಾರಾದರೂ ಎಕ್ಸ್‌ಟೆನ್ಷನ್ ಮೂಲಕ 2000 ವ್ಯಾಟ್ ಹೀಟರ್ ಹಾಕಿದರೆ 8.7 ಆಂಪಿಯರ್ ಹರಿಯುತ್ತದೆ. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಸ್ವಿಚ್ ಮಾತ್ರ ಒಳಗೇ ಕಾಯುತ್ತಾ ಹೋಗುತ್ತದೆ. ಅದಕ್ಕೆ ಸ್ವಿಚ್, ಸಾಕೆಟ್ ಎಲ್ಲವನ್ನೂ 16 ಆಂಪಿಯರ್‌ನವೇ ಹಾಕಿದೆವು. ಪ್ರತಿ ವೈರನ್ನೂ ಸ್ಕ್ರೂ ಬಿಗಿ ಮಾಡಿದ ಮೇಲೆ ಒಂದೊಂದಾಗಿ ಎಳೆದು ನೋಡಿದೆ.

ಕರೆಂಟು ಕೊಡುವ ಮೊದಲು, ಆಮೇಲೆ

ಮೇನ್ ಇಳಿದಿರುವಾಗಲೇ ಅರ್ಧ ಪರೀಕ್ಷೆ ಮುಗಿಯಬೇಕು. ಸಾಕೆಟ್‌ನ ಅರ್ಥ್‌ನಿಂದ ಡಿಬಿಯ ಅರ್ಥ್ ಪಟ್ಟಿಗೆ ಓಮ್ ಅಳೆದೆ. 2.5 ಚದರ ಮಿಲಿಮೀಟರ್ ತಾಮ್ರದ ವೈರು ಮೀಟರ್‌ಗೆ ಸುಮಾರು 0.0074 ಓಮ್, ಹಾಗಾಗಿ 15 ಮೀಟರ್ ದೂರಕ್ಕೆ 0.11 ಓಮ್ ಬರಬೇಕು. ಅದರ ಹತ್ತಿರವೇ ಬಂದರೆ ಜಾಯಿಂಟ್‌ಗಳು ಗಟ್ಟಿ ಎಂದು ಅರ್ಥ. ಓಮ್‌ಗಟ್ಟಲೆ ಬಂದರೆ ಎಲ್ಲೋ ಸಡಿಲ ಇದೆ. ಆಮೇಲೆ ಎಲ್ಲ ಪ್ಲಗ್ ಕಿತ್ತು 500 ವೋಲ್ಟ್ ಮೆಗ್ಗರ್ ಹಿಡಿದು, ಫೇಸ್ ನ್ಯೂಟ್ರಲ್ ಎರಡರಿಂದಲೂ ಅರ್ಥ್‌ಗೆ ಇನ್ಸುಲೇಷನ್ ನೋಡಿದೆ. 1 ಮೆಗಾ ಓಮ್‌ಗಿಂತ ಕಡಿಮೆ ಇರಬಾರದು. ಹೊಸ ವೈರಿಂಗ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ.

ಕರೆಂಟು ಕೊಟ್ಟ ಮೇಲೆ ಸ್ವಿಚ್ ಆನ್ ಇಟ್ಟು ಮೂರು ಅಳತೆ: ಫೇಸ್ ನ್ಯೂಟ್ರಲ್ 230, ಫೇಸ್ ಅರ್ಥ್ 230, ನ್ಯೂಟ್ರಲ್ ಅರ್ಥ್ ಬರೀ ಒಂದೆರಡು ವೋಲ್ಟ್. ಆಮೇಲೆ ಸ್ವಿಚ್ ಆಫ್ ಮಾಡಿ, ಫೇಸ್ ರಂಧ್ರದಿಂದ ಅರ್ಥ್‌ಗೆ ಟೆಸ್ಟ್ ಲ್ಯಾಂಪ್. ಉರಿಯಲಿಲ್ಲ. ಸ್ವಿಚ್ಚಿರುವ ಯಾವ ಸಾಕೆಟ್‌ನಲ್ಲಾದರೂ ಇದೊಂದು ಅಳತೆಯನ್ನು ಬಿಟ್ಟು ಎದ್ದು ಬರಬೇಡಿ. 9 ವ್ಯಾಟ್ ಬಲ್ಬ್, ಚಾರ್ಜರ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ಹಾಕಿದರೂ ಆರ್‌ಸಿಸಿಬಿ ಅಲುಗಲಿಲ್ಲ. ಟ್ರಿಪ್ ಸಮಯ ಅಳೆಯುವ ಯಂತ್ರದಿಂದಲೂ ನೋಡಿದೆ, 30 ಮಿಲಿ ಆಂಪಿಯರ್‌ಗೆ 300 ಮಿಲಿ ಸೆಕೆಂಡಿನೊಳಗೆ ಬೀಳಬೇಕಾದದ್ದು ಅದಕ್ಕೂ ಬೇಗ ಬಿತ್ತು. ಡಬ್ಬಿಯ ಝುಮ್ ಹೋಗಿತ್ತು.

ಬಿಚ್ಚದೆ ನೋಡಬೇಕೆಂದರೆ

ಬೋರ್ಡಿನ ಒಳಗೆ ಕೈ ಹಾಕುವ ಕೆಲಸವನ್ನು ಲೈಸೆನ್ಸ್ ಇರುವವರಿಗೇ ಬಿಡಿ. ಹಲವು ಕಡೆ ಕಾನೂನೂ ಅದನ್ನೇ ಹೇಳುತ್ತದೆ. ಆದರೆ ನಿಮ್ಮ ಮನೆಯ ಸಾಕೆಟ್ ಇಂಥದ್ದಾ ಎಂದು ಹೊರಗಿನಿಂದಲೇ ಒಂದು ಮಟ್ಟಿಗೆ ತಿಳಿಯಬಹುದು. ಮೂರು ದೀಪದ ಪ್ಲಗ್ ಟೆಸ್ಟರ್ ಸಿಗುತ್ತದೆ. ಅದನ್ನು ಸಿಕ್ಕಿಸಿ ಎಲ್ಲರೂ ಆನ್ ಮಾಡಿ ನೋಡುತ್ತಾರೆ. ನೀವು ಆಫ್ ಮಾಡಿಯೂ ನೋಡಿ. ಆಫ್ ಆದ ಮೇಲೆ ಒಂದು ದೀಪವೂ ಉರಿಯಬಾರದು. ಉರಿದರೆ ಫೇಸ್ ಇನ್ನೂ ಅಲ್ಲಿದೆ. ಈ ಮೇಜಿನ ಸಾಕೆಟ್‌ನಂತೆ ಅರ್ಥಿಂಗೇ ಇಲ್ಲದಿದ್ದರೆ ಆಫ್‌ನಲ್ಲಿ ಅದು ಏನೂ ತೋರಿಸದೆ ಇರಬಹುದು, ಆದರೆ ಆನ್‌ನಲ್ಲಿ ಅರ್ಥ್ ಇಲ್ಲ ಎಂದು ತೋರಿಸುತ್ತದೆ. ಅದಕ್ಕೇ ಎರಡೂ ಸಲ ನೋಡಬೇಕು. ನ್ಯೂಟ್ರಲ್‌ನಿಂದ ಅರ್ಥ್‌ಗೆ ತುಂಡು ವೈರು ಕೊಟ್ಟಿರುವುದನ್ನು ಈ ಟೆಸ್ಟರ್ ಹಿಡಿಯುವುದಿಲ್ಲ, ಅದು ಬಿಚ್ಚಿಯೇ ಗೊತ್ತಾಗಬೇಕು.

ಎರಡು ತಂತಿಯನ್ನೂ ಒಟ್ಟಿಗೆ ಕತ್ತರಿಸುವ ಡಬಲ್ ಪೋಲ್ ಸ್ವಿಚ್ ಹಾಕಿದರೆ ಈ ಗೋಳೇ ಇಲ್ಲವಲ್ಲ ಎಂದು ಕೇಳಬಹುದು. ಪ್ಲಗ್ ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದಾದ ಕಡೆ, ನೀರು ಕಾಯಿಸುವ ಉಪಕರಣಗಳಿಗೆ, ಅದು ಒಳ್ಳೆಯದೇ. ಆದರೂ ಅರ್ಥಿಂಗ್, ಸರಿಯಾದ ನ್ಯೂಟ್ರಲ್ ಇವೆರಡರ ಜಾಗವನ್ನು ಅದು ತುಂಬುವುದಿಲ್ಲ.

ಡಿಬಿ ಬಾಗಿಲ ಒಳಗೆ ಯಾವ ಎಂಸಿಬಿಗೆ ಯಾವ ಸಾಕೆಟ್ ಎಂದು ಬರೆದು ಅಂಟಿಸಿದೆವು. ಮೇಜಿನ ಎರಡನೆಯ ಸಾಕೆಟ್ ಮೇಲೆ "ಬಾಗಿಲ ಸ್ವಿಚ್" ಎಂದು ಚೀಟಿ. ಮೊದಲನೆಯದರ ಮೇಲೆ "ಸದಾ ಕರೆಂಟು ಇದೆ". ಲೈಟ್ ಸರ್ಕ್ಯೂಟ್‌ಗಳಿಗೂ ಆರ್‌ಸಿಸಿಬಿ ಹಾಕುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೂ ಮುಂಚೆ ಮೇನ್ ಇಳಿಸಿ, ಎಲ್ಲ ಸರ್ಕ್ಯೂಟ್‌ಗಳ ನ್ಯೂಟ್ರಲ್ಲನ್ನು ಪಟ್ಟಿಯಿಂದ ಬಿಡಿಸಿ, ಒಂದರ ನ್ಯೂಟ್ರಲ್ ಇನ್ನೊಂದಕ್ಕೆ ಎಲ್ಲಾದರೂ ಸೇರಿದೆಯಾ ಎಂದು ಅಳೆಯಬೇಕು. ಈ ಕೋಣೆಯಲ್ಲಿ ಎರವಲು ಪಡೆದವರು ಬೇರೆ ಕೋಣೆಯಲ್ಲೂ ಪಡೆದಿರಬಹುದು.